ಹಂಚಿನ ಮನೆಯನ್ನು ಮಾರಾಟಕ್ಕೆ ಅಣಿಗೊಳಿಸುವ ಸೇವೆ: ಉಡುಪಿಯಲ್ಲಿ ನಮ್ಮ ಅನುಭವ

ಉಡುಪಿಯ ಕುಂಜಿಬೆಟ್ಟಿನ ಒಳರಸ್ತೆಯೊಂದರಲ್ಲಿರುವ ನಮ್ಮ ತಂದೆಯ ಕಾಲದ ಮನೆಯನ್ನು ಮಾರುವುದೆಂದು ನಾವು ಮೂವರು ಮಕ್ಕಳು 2025ರ ಜೂನ್ ತಿಂಗಳಲ್ಲಿ ನಿರ್ಧರಿಸಿದೆವು. ಅದು 1978ರಲ್ಲಿ ಕಟ್ಟಿದ ಮನೆ. ಕೆಂಪುಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ಕೆಂಪು ಸಿಮೆಂಟಿನ ನೆಲ, ಮುಂಬದಿಗೆ ಉದ್ದನೆಯ ಜಗಲಿ. 1994ರಲ್ಲಿ ಹಿಂಬದಿಗೆ ತಾರಸಿಯ ಎರಡು ಕೋಣೆಗಳನ್ನು ಸೇರಿಸಿದ್ದರು. 14 ಸೆಂಟ್ಸ್ ಜಾಗದಲ್ಲಿ ಮನೆಯ ಜೊತೆಗೆ ಒಂದು ಬಾವಿ, ಐದು ತೆಂಗಿನಮರ, ಗೇಟಿನ ಪಕ್ಕದಲ್ಲಿ ಒಂದು ಮಾವಿನಮರ ಇವೆ. ಅಮ್ಮ ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮನೆಗೆ ಹೋದ ಬಳಿಕ ಎರಡು ಮಳೆಗಾಲ ಮನೆ ಬಾಗಿಲು ಹಾಕಿಕೊಂಡೇ ಇತ್ತು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಎರಡು ಮಳೆಗಾಲ ಮುಚ್ಚಿಟ್ಟ ಮನೆಯ ಸ್ಥಿತಿ ಹೇಗಿರುತ್ತದೆ ಎಂಬುದು ಕರಾವಳಿಯವರೆಲ್ಲರಿಗೂ ತಿಳಿದದ್ದೇ.

ಮೊದಲಿಗೆ ನಾವು ಏನನ್ನೂ ಸರಿಪಡಿಸದೆ, ಗುಡಿಸಿ ಒರೆಸಿ ಮನೆ ತೋರಿಸಿದೆವು. ಎರಡು ಕುಟುಂಬಗಳು ಬಂದವು. ಎರಡೂ ಹತ್ತು ನಿಮಿಷ ನಿಲ್ಲಲಿಲ್ಲ. ಬಳಿಕ ಬ್ರೋಕರ್ ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕ, ಮನೆ ಅಂತ ಹೇಳುವುದು ಬೇಡ, ಜಾಗ ಅಂತಲೇ ಹೇಳುವ. ತೆಗೆದುಕೊಳ್ಳುವವರು ಹೇಗೂ ಇದನ್ನು ಕೆಡವುತ್ತಾರೆ" ಎಂದರು. ಅವರ ಮಾತಿನಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಉಡುಪಿ-ಮಣಿಪಾಲದ ನಡುವೆ ಹಳೆಯ ಮನೆಗಳು ಹಾಗೆಯೇ ಮಾರಾಟವಾಗುತ್ತಿವೆ. ಸೆಂಟ್ಸ್‌ಗೆ ಇಷ್ಟು ಎಂದು ಲೆಕ್ಕ ಹಾಕಿ ಮನೆಗೆ ಬೆಲೆಯನ್ನೇ ಕಟ್ಟುವುದಿಲ್ಲ. ಆದರೆ ಗಟ್ಟಿಯಾಗಿರುವ ಮನೆಯೊಂದು ಕೇವಲ ಮುಗ್ಗಲು ವಾಸನೆ ಮತ್ತು ಹಾವಸೆಯ (ಪಾಚಿಯ) ಕಾರಣಕ್ಕೆ ನೆಲಸಮವಾಗುವುದನ್ನು ಒಪ್ಪಿಕೊಳ್ಳಲು ನನಗೆ ಸಾಧ್ಯವಾಗಲಿಲ್ಲ. ಆಗ ಮಂಗಳೂರಿನಲ್ಲಿ ಕಚೇರಿಯಿರುವ, ಮನೆಗಳನ್ನು ಮಾರಾಟಕ್ಕೆ ಅಣಿಗೊಳಿಸಿಕೊಡುವ ಒಂದು ಸಂಸ್ಥೆಯನ್ನು ಸಂಪರ್ಕಿಸಿದೆ. ಈ ಬರಹದಲ್ಲಿ ಅವರ ಹೆಸರನ್ನು ನಾನು ಹೇಳುವುದಿಲ್ಲ, ಏಕೆಂದರೆ ಇಲ್ಲಿ ಮೆಚ್ಚುಗೆಯೊಂದಿಗೆ ದೂರುಗಳೂ ಇವೆ, ಮತ್ತು ಹಳೆಯ ಮನೆ ಇರುವವರಿಗೆ ಬೇಕಾದದ್ದು ಇಂಥ ಸೇವೆಯಿಂದ ಏನನ್ನು ಕೇಳಿ ಪಡೆಯಬೇಕು, ಏನನ್ನು ಬೇಡವೆನ್ನಬೇಕು ಎಂಬ ತಿಳಿವಳಿಕೆ.

ಸಂಸ್ಥೆಯವರ ಮೇಲ್ವಿಚಾರಕರು ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಬಂದು ಅರ್ಧ ದಿನ ಮನೆಯನ್ನು ನೋಡಿದರು. ಈ ಮೊದಲ ಭೇಟಿ ಅವರ ಸೇವೆಯ ಅತ್ಯುತ್ತಮ ಭಾಗಗಳಲ್ಲಿ ಒಂದು. ಅವರು ನಮ್ಮನ್ನು ಗೇಟಿನ ಹೊರಗೆ ನಿಲ್ಲಿಸಿ, ಮನೆಯನ್ನು ಮೊದಲ ಸಲ ನೋಡುವವರಂತೆ ಒಳಗೆ ನಡೆಯಲು ಹೇಳಿದರು, ಮತ್ತು ಪ್ರತಿಯೊಂದು ಹೆಜ್ಜೆಯಲ್ಲೂ ಕಣ್ಣಿಗೆ ಬಿದ್ದದ್ದನ್ನು ಬರೆದುಕೊಂಡರು. ಅಂಗಳದ ಜಾರುವ ಹಾವಸೆ, ಕಿರುಗುಟ್ಟುವ ಗೇಟು, ಜಗಲಿಯ ಕಂಬಕ್ಕೆ ಕಟ್ಟಿದ್ದ ಬಟ್ಟೆ ಒಣಗಿಸುವ ಹಗ್ಗ, ಬಾಗಿಲು ತೆರೆದೊಡನೆ ಮೂಗಿಗೆ ಬಡಿಯುವ ವಾಸನೆ. ನಲವತ್ತು ವರ್ಷ ಅಲ್ಲೇ ಓಡಾಡಿದ ನಮ್ಮ ಕಣ್ಣಿಗೆ ಇವು ಯಾವುವೂ ಬಿದ್ದಿರಲಿಲ್ಲ. ವಾಸನೆಯ ಮೂಲವನ್ನು ಅವರೇ ಹುಡುಕಿದರು. ಅಟ್ಟದ ಮೇಲೆ ಒಂಬತ್ತು ಹಳೆಯ ಹತ್ತಿಯ ಹಾಸಿಗೆಗಳೂ, ಕಟ್ಟು ಕಟ್ಟಿಟ್ಟ ವಾರಪತ್ರಿಕೆಗಳೂ, ತಂದೆಯ ಕಚೇರಿಯ ಕಾಗದಗಳೂ ತೇವ ಹೀರಿ ಕುಳಿತಿದ್ದವು. ಅವುಗಳನ್ನು ಇಳಿಸಿ, ಅಟ್ಟವನ್ನು ಗುಡಿಸಿ, ಹದಿನೈದು ದಿನ ಬೆಳಗ್ಗೆಯಿಂದ ಸಂಜೆಯ ತನಕ ಕಿಟಕಿಗಳನ್ನು ತೆರೆದಿಟ್ಟ ಮೇಲೆ ವಾಸನೆಯ ಮುಕ್ಕಾಲು ಪಾಲು ಹೋಯಿತು. ಅದಕ್ಕೆ ಸುಗಂಧದ ಸ್ಪ್ರೇ ಬೇಕಾಗಲಿಲ್ಲ. ಮುಂದೆ ಮನೆ ತೋರಿಸುವ ದಿನಗಳಲ್ಲಿ ಸಂಸ್ಥೆಯ ಹುಡುಗರು ಸ್ಪ್ರೇ ಹೊಡೆಯಲು ಬಂದಾಗ ನಾನು ತಡೆದೆ. ಗಾಢ ಸುವಾಸನೆಯಿರುವ ಹಳೆಯ ಮನೆಗೆ ಕಾಲಿಟ್ಟವರು ಮೊದಲು ಮಾಡುವುದು ಅದರ ಹಿಂದೆ ಏನಿದೆ ಎಂದು ಹುಡುಕುವ ಕೆಲಸವನ್ನು.

ಮಾಡಿನ ಕೆಲಸ ಅಕ್ಟೋಬರ್ ಕೊನೆಯಲ್ಲಿ ಆರಂಭವಾಯಿತು. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇಂಥ ಸೇವೆಗಳು ಹೆಚ್ಚಾಗಿ ಫ್ಲ್ಯಾಟುಗಳಿಗೆ ಒಗ್ಗಿಕೊಂಡಿವೆ ಮತ್ತು ಹಂಚಿನ ಮಾಡನ್ನು ಹೇಗೆ ಮುಟ್ಟಬೇಕೆಂಬ ಅರಿವು ಎಲ್ಲರಿಗೂ ಇಲ್ಲ. ಸಂಸ್ಥೆಯ ಮೊದಲ ಯೋಜನೆ ಯಂತ್ರದಿಂದ ರಭಸದ ನೀರು ಹಾಯಿಸಿ ಹಂಚು ತೊಳೆದು, ಮೇಲೆ ಕೆಂಪು ಬಣ್ಣ ಬಳಿಯುವುದಾಗಿತ್ತು. ಅವರೇ ಕರೆತಂದಿದ್ದ, ಕಾರ್ಕಳ ಕಡೆಯ ಹಿರಿಯ ಹಂಚಿನ ಕೆಲಸಗಾರರು ಏಣಿ ಹತ್ತಿ ನೋಡಿ ಇಳಿದವರೇ ಇದನ್ನು ವಿರೋಧಿಸಿದರು. ರಭಸದ ನೀರು ಹಂಚುಗಳು ಒಂದರ ಮೇಲೊಂದು ಕೂತಿರುವ ಸಂದಿನಿಂದ ಒಳಗೆ ನುಗ್ಗಿ, ಹಂಚು ಕೂರುವ ಮರದ ಪಟ್ಟಿಗಳಾದ ರೀಪುಗಳನ್ನು ನೆನೆಸುತ್ತದೆ, ಈಗಾಗಲೇ ಕೂದಲೆಳೆಯಷ್ಟು ಬಿರುಕು ಬಿಟ್ಟ ಹಂಚುಗಳನ್ನು ಪೂರ್ತಿ ಒಡೆಯುತ್ತದೆ, ಬಣ್ಣ ಬಳಿದರೆ ಯಾವ ಹಂಚು ಒಡೆದಿದೆ ಎಂಬುದೂ ಕಾಣದಂತಾಗುತ್ತದೆ ಎಂಬುದು ಅವರ ವಾದ. "ಅಕ್ಕ, ಈ ಹಂಚು ಈಗ ಸಿಗ್ಲಿಕ್ಕಿಲ್ಲ. ನಾನೇ ಜಾಗ್ರತೆಯಲ್ಲಿ ಇಳಿಸ್ತೇನೆ" ಎಂದು ಅವರು ಒಂದು ಹಂಚನ್ನು ತಿರುಗಿಸಿ, ಅದರ ಅಡಿಯಲ್ಲಿ ಒತ್ತಿದ್ದ ಕಾರ್ಖಾನೆಯ ಮುದ್ರೆಯನ್ನು ನನಗೆ ತೋರಿಸಿದರು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ ದಂಡೆಯ ಜೇಡಿಮಣ್ಣಿನಿಂದ ಬೆಳೆದ ಉದ್ಯಮದ ಕೊನೆಯ ತಲೆಮಾರಿನ ಹಂಚುಗಳು ನಮ್ಮ ಮಾಡಿನ ಮೇಲಿವೆ ಎಂಬುದನ್ನು ನಾನು ಅಂದು ಕೈಯಲ್ಲಿ ಹಿಡಿದು ನೋಡಿದೆ.

ಮೇಲ್ವಿಚಾರಕರು ತಮ್ಮ ಯೋಜನೆಯನ್ನು ಬಿಟ್ಟು ಅನುಭವಿಯ ಮಾತಿಗೆ ತಲೆಬಾಗಿದ್ದು ಅವರ ದೊಡ್ಡತನ. ಸುಮಾರು 1,800 ಹಂಚುಗಳನ್ನು ಪಾಲು ಪಾಲಾಗಿ ಇಳಿಸಿ, ಬ್ರಷ್ಷಿನಿಂದ ಉಜ್ಜಿ, ಬಿಸಿಲಿಗೆ ಒಣಗಿಸಿ ಮತ್ತೆ ಹೊದೆಸಿದರು. 140 ಹಂಚುಗಳು ಒಡೆದಿದ್ದವು. ಹೆಚ್ಚಿನವು ತೆಂಗಿನ ಮಡಲು ಬಿದ್ದು ಒಡೆದಂಥವು. ಅವುಗಳಿಗೆ ಬದಲಾಗಿ, ಕೆಡವಿದ ಮನೆಯೊಂದರಿಂದ ಬಂದ ಅದೇ ಅಳತೆಯ ಹಳೆಯ ಹಂಚುಗಳನ್ನು ಹಾಕಿದ್ದರಿಂದ ಮಾಡಿನ ಮೇಲೆ ತೇಪೆ ಕಾಣಿಸುವುದಿಲ್ಲ. ಎರಡು ಪಕ್ಕಾಸು (ರೀಪುಗಳನ್ನು ಹೊರುವ ಮರದ ತೊಲೆ) ಮತ್ತು ಇಪ್ಪತ್ತರಷ್ಟು ರೀಪುಗಳನ್ನು ಗೆದ್ದಲು ತಿಂದಿತ್ತು. ಅವುಗಳನ್ನು ಬದಲಿಸಿ, ಉಳಿದ ಮರಕ್ಕೆಲ್ಲ ನಮ್ಮಲ್ಲಿ ಹಿಂದಿನಿಂದಲೂ ಬಳಸುವ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬಳಿದರು. ಅದರ ವಾಸನೆ ಎರಡು ವಾರ ಇರುತ್ತದೆ, ಆದ್ದರಿಂದ ಈ ಕೆಲಸವನ್ನು ಮನೆ ತೋರಿಸುವುದಕ್ಕೆ ಬಹಳ ಮೊದಲೇ ಮುಗಿಸಬೇಕು. ಹಂಚು ಹೊದೆಸುವಾಗ ಚಾವಡಿಯ (ನಡುಮನೆಯ) ಮೇಲೆ ಎರಡು, ಅಡುಗೆಮನೆಯ ಮೇಲೆ ಎರಡು ಗಾಜಿನ ಹಂಚುಗಳನ್ನು ಕೂರಿಸಿದರು. ಇಡೀ ಕೆಲಸದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಬದಲಾವಣೆ ತಂದದ್ದು ಬೇರೊಂದಿಲ್ಲ. ಹಗಲಿನಲ್ಲೂ ದೀಪ ಹಾಕಬೇಕಾಗಿದ್ದ ಚಾವಡಿಗೆ ಈಗ ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರ ತನಕ ಬೆಳಕು ಇಳಿಯುತ್ತದೆ. ಹಂಚಿನ ಮನೆಯನ್ನು ನೋಡಲು ಬರುವವರ ಮೊದಲ ಆಕ್ಷೇಪ ಕತ್ತಲೆ. ಅದಕ್ಕೆ ಇದಕ್ಕಿಂತ ಸರಳವಾದ ಉತ್ತರವನ್ನು ನಾನು ಕಂಡಿಲ್ಲ.

ಬೆಳಕಿಗಾಗಿ ಗೇಟಿನ ಬಳಿಯ ಮಾವಿನಮರವನ್ನು ಕಡಿಯಬೇಕೆಂದು ಅವರು ಸಲಹೆ ಮಾಡಿದ್ದರು. ನಾನು ಒಪ್ಪಲಿಲ್ಲ. ಜಗಲಿಯ ಮೇಲೆ ಬಾಗಿದ್ದ ಮೂರು ಕೊಂಬೆಗಳನ್ನು ಸವರಿದ್ದೇ ಸಾಕಾಯಿತು.

ಈಗ ನಮ್ಮ ನಡುವೆ ನಿಜವಾದ ಜಟಾಪಟಿ ನಡೆದ ಪಡುಬದಿಯ ಗೋಡೆಯ ವಿಷಯ. ನೈಋತ್ಯದಿಂದ ಬೀಸುವ ಮಳೆಯ ಹೊಡೆತ ಮೊದಲು ತಾಗುವುದು ಆ ಗೋಡೆಗೆ. ಒಳಗಿನಿಂದ ನೋಡಿದರೆ ನೆಲದಿಂದ ಮೂರು ಅಡಿಯ ತನಕ ಬಣ್ಣ ಉಬ್ಬಿ, ಬಿಳಿ ಉಪ್ಪು ಎದ್ದು, ಕೈಯಿಟ್ಟರೆ ಪುಡಿ ಉದುರುತ್ತಿತ್ತು. ಸಂಸ್ಥೆಯ ಬಣ್ಣದ ತಂಡದವರು ಸೆಪ್ಟೆಂಬರ್ ಕೊನೆಯಲ್ಲೇ, ಗೋಡೆ ಇನ್ನೂ ಒದ್ದೆಯಾಗಿರುವಾಗಲೇ, ಪುಟ್ಟಿ ಹಚ್ಚಿ ಮೇಲೆ ವಾಲ್‌ಪೇಪರ್ ಅಂಟಿಸಿ ಮುಗಿಸಲು ಸಿದ್ಧರಾಗಿದ್ದರು. "ಫೆಬ್ರವರಿಯಲ್ಲಿ ನೋಡುವವರಿಗೆ ಏನೂ ಕಾಣ್ಲಿಕ್ಕಿಲ್ಲ ಮೇಡಂ" ಎಂದು ಅವರ ಮುಖ್ಯಸ್ಥರು ನನಗೆ ಧೈರ್ಯ ಹೇಳಿದರು. ಅವರು ಹೇಳಿದ್ದು ಸತ್ಯ, ಫೆಬ್ರವರಿಯಲ್ಲಿ ಕಾಣುತ್ತಿರಲಿಲ್ಲ. ಜೂನ್ ಹದಿನೈದರ ಹೊತ್ತಿಗೆ, ಮನೆ ಕೊಂಡವರು ತಮ್ಮ ಸಾಮಾನುಗಳನ್ನು ಆ ಗೋಡೆಗೆ ಒರಗಿಸಿಟ್ಟ ಮೇಲೆ, ಎಲ್ಲವೂ ಕಾಣುತ್ತಿತ್ತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೆಯ ಕಲಂ ಈ ಬಗ್ಗೆ ಸ್ಪಷ್ಟವಾಗಿದೆ: ಮಾರುವವರಿಗೆ ತಿಳಿದಿರುವ, ಆದರೆ ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಂಡುಹಿಡಿಯಲಾಗದ ಮುಖ್ಯ ದೋಷವನ್ನು ಮಾರುವವರೇ ತಿಳಿಸಬೇಕು. ಅಂದರೆ ಗೋಡೆಯ ತೇವವನ್ನು ವಾಲ್‌ಪೇಪರಿನಡಿ ಮುಚ್ಚುವುದು ಮನೆಯನ್ನು ಅಂದಗೊಳಿಸುವ ಕೆಲಸದ ಭಾಗವಲ್ಲ, ಕೊಳ್ಳುವವರಿಂದ ವಿಷಯವನ್ನು ಬಚ್ಚಿಡುವ ಕೆಲಸ. ಕಾನೂನು ಹಾಗಿರಲಿ, ಅದೇ ಊರಿನಲ್ಲಿ ನಮ್ಮ ಬಂಧುಗಳು ಇನ್ನೂ ಬಾಳುತ್ತಿದ್ದಾರೆ; ತಂದೆಯ ಹೆಸರು ಹೇಳಿ ಮಾರಿದ ಮನೆಯ ಬಗ್ಗೆ ರಥಬೀದಿಯಲ್ಲಿ ಯಾರಾದರೂ ನೊಂದು ಮಾತಾಡುವುದನ್ನು ನಾನು ಸಹಿಸಲಾರೆ.

ಕೆಲಸವನ್ನು ನಿಲ್ಲಿಸಿ, ತೇವ ಎಲ್ಲಿಂದ ಬರುತ್ತಿದೆ ಎಂಬುದನ್ನು ಹುಡುಕಿಕೊಡಿ ಎಂದು ಕೇಳಿದೆ. ಮೂರು ದಿನ ಉತ್ತರ ಬರಲಿಲ್ಲ. ನಾಲ್ಕನೆಯ ದಿನ ಮೇಲ್ವಿಚಾರಕರು ಸ್ವತಃ ಬಂದು, ಸುರಿಯುವ ಮಳೆಯಲ್ಲೇ ಏಣಿ ಹಾಕಿ ನೋಡಿದರು. ಹಂಚಿನ ಮಾಡು ಮತ್ತು ಹಿಂಬದಿಯ ತಾರಸಿ ಸೇರುವಲ್ಲಿ ಹಾಕಿದ್ದ, ಮಳೆನೀರು ಹರಿದುಹೋಗುವ ತಗಡಿನ ದಂಬೆ ತುಕ್ಕು ಹಿಡಿದು ತೂತಾಗಿತ್ತು. ಮಾಡಿನ ನೀರೆಲ್ಲ ಗೋಡೆಯ ತಲೆಯ ಮೇಲೇ ಇಳಿಯುತ್ತಿತ್ತು. ಅದಲ್ಲದೆ ತೊಂಬತ್ತರ ದಶಕದಲ್ಲಿ ಆ ಗೋಡೆಗೆ ಹೊರಗಿನಿಂದ ದಪ್ಪ ಸಿಮೆಂಟ್ ಗಾರೆ ಮಾಡಿಸಿದ್ದರು. ಕೆಂಪುಕಲ್ಲು ನೀರನ್ನು ಹೀರುವ ಕಲ್ಲು. ಹೀರಿದ್ದನ್ನು ಹೊರಗೆ ಬಿಡಲು ಅದಕ್ಕೆ ದಾರಿ ಬೇಕು. ಹೊರಗೆ ಸಿಮೆಂಟಿನ ಪದರ, ಒಳಗೆ ಪ್ಲಾಸ್ಟಿಕ್ಕಿನಂತೆ ಹೊದೆಯುವ ಬಣ್ಣ ಇದ್ದರೆ ಕಲ್ಲಿನೊಳಗಿನ ತೇವ ಆರುವುದೇ ಇಲ್ಲ, ಎಲ್ಲಿ ದಾರಿ ಸಿಗುತ್ತದೋ ಅಲ್ಲಿ ಉಪ್ಪನ್ನು ಹೊತ್ತು ಹೊರಬರುತ್ತದೆ. ದಂಬೆಯನ್ನು ಅಲ್ಯೂಮಿನಿಯಂ ಹಾಳೆಯಿಂದ ಹೊಸದಾಗಿ ಮಾಡಿಸಿ, ಒಳಗಿನ ಗಾರೆಯನ್ನು ನಾಲ್ಕು ಅಡಿಯ ತನಕ ಕೆತ್ತಿ ತೆಗೆದು, ಕಲ್ಲನ್ನು ಆರು ವಾರ ಹಾಗೆಯೇ ಬಿಟ್ಟು ಒಣಗಿಸಿ, ಡಿಸೆಂಬರ್ ಮೊದಲ ವಾರದಲ್ಲಿ ಸುಣ್ಣದ ಗಾರೆ ಮಾಡಿ ಸುಣ್ಣ ಬಳಿದರು. ಹೊರಗಿನ ಸಿಮೆಂಟ್ ಗಾರೆಯನ್ನು ತೆಗೆಸಲು ನಮ್ಮ ಬಜೆಟ್ ಸಾಲಲಿಲ್ಲ. ಅದನ್ನು ಹಾಗೆಯೇ ಬಿಟ್ಟಿದ್ದೇವೆ ಎಂಬುದನ್ನೂ, ಹಳೆಯ ಗೋಡೆಯ ಫೋಟೊಗಳನ್ನೂ ಒಂದು ಕಡತದಲ್ಲಿಟ್ಟು, ಮನೆ ನೋಡಲು ಬಂದ ಪ್ರತಿಯೊಬ್ಬರ ಕೈಗೂ ಕೊಟ್ಟೆವು. ಸಂಸ್ಥೆಯವರಿಗೆ ಇದರಿಂದ ಗಿರಾಕಿಗಳು ಹಿಂದೆ ಸರಿಯುತ್ತಾರೆಂಬ ಭಯವಿತ್ತು. ಆರು ಕುಟುಂಬಗಳಲ್ಲಿ ಒಂದು ಕುಟುಂಬ ಆ ಕಾರಣ ಹೇಳಿ ಹಿಂದೆ ಸರಿದದ್ದು ನಿಜ. ಕೊನೆಗೆ ಮನೆ ಕೊಂಡವರ ಮಾವ ಕಟ್ಟಡದ ಕಾಂಟ್ರಾಕ್ಟರ್ ಆಗಿದ್ದವರು; ಅವರು ಕಡತವನ್ನು ಕೂತು ಓದಿ, ಹೊರಗೆ ಹೋಗಿ ದಂಬೆಯನ್ನು ನೋಡಿ ಬಂದು, ಆ ಗೋಡೆಯ ವಿಷಯದಲ್ಲಿ ಬೇರೇನನ್ನೂ ಕೇಳಲಿಲ್ಲ.

ನೆಲದ ವಿಷಯದಲ್ಲೂ ಮೊದಲ ಸಲಹೆ ತಪ್ಪಾಗಿತ್ತು. ಕೆಂಪು ನೆಲದ ಮೇಲೆಯೇ ಬಿಳಿಯ ವಿಟ್ರಿಫೈಡ್ ಟೈಲ್ಸ್ ಅಂಟಿಸಿದರೆ ಮನೆ ದೊಡ್ಡದಾಗಿ ಕಾಣುತ್ತದೆ ಎಂದು ಅವರು ಅಂದಾಜುಪಟ್ಟಿಯಲ್ಲಿ ಬರೆದಿದ್ದರು. ಬಾಗಿಲುಗಳ ಅಡಿ ಕೊಯ್ಯಬೇಕಾಗುತ್ತಿತ್ತು, ಹೊಸ್ತಿಲುಗಳು ನೆಲದ ಮಟ್ಟಕ್ಕೆ ಇಳಿಯುತ್ತಿದ್ದವು, ಮತ್ತು ಐವತ್ತು ವರ್ಷ ತುಳಿದು ತುಳಿದು ಕನ್ನಡಿಯಂತಾದ ನೆಲ ಶಾಶ್ವತವಾಗಿ ಮುಚ್ಚಿಹೋಗುತ್ತಿತ್ತು. ನಾನು ಬೇಡವೆಂದ ಮೇಲೆ, ಅವರ ತಂಡದ ಇಬ್ಬರು ಹೆಂಗಸರು ನಾಲ್ಕು ದಿನ ಕೂತು, ಹಿಂದೆ ಯಾರೋ ಬಳಿದಿದ್ದ ಹಳದಿಗಟ್ಟಿದ ಪಾಲಿಶನ್ನು ಉಜ್ಜಿ ತೆಗೆದು, ಬಿರುಕುಗಳಿಗೆ ಕೆಂಪು ಪುಡಿ ಬೆರೆಸಿದ ಸಿಮೆಂಟ್ ತುಂಬಿ, ಒಣಗಿದ ಮೇಲೆ ತೆಂಗಿನೆಣ್ಣೆ ಹಚ್ಚಿ ಬಟ್ಟೆಯಿಂದ ಒರೆಸಿದರು. ಎಣ್ಣೆ ತೀರಾ ತೆಳುವಾಗಿರಬೇಕು, ಇಲ್ಲವಾದರೆ ಧೂಳು ಹಿಡಿಯುತ್ತದೆ ಮತ್ತು ಕಾಲು ಜಾರುತ್ತದೆ. ಚಾವಡಿಯ ನೆಲದಲ್ಲಿ ಗಾಜಿನ ಹಂಚಿನ ಬೆಳಕು ಬಿದ್ದಾಗ ಬಂದವರೆಲ್ಲರೂ ಅಲ್ಲಿ ನಿಂತು ಒಂದು ಕ್ಷಣ ಕೆಳಗೆ ನೋಡುತ್ತಿದ್ದರು. ಆ ಇಬ್ಬರು ಹೆಂಗಸರ ಕೈಕೆಲಸಕ್ಕೆ ಸಂಸ್ಥೆ ಎಷ್ಟು ಕೂಲಿ ಕೊಟ್ಟಿತೋ, ಅದಕ್ಕಿಂತ ಹೆಚ್ಚಿನದು ಅವರಿಗೆ ಸಲ್ಲಬೇಕಿತ್ತು.

ಬಾವಿಯ ಕೆಲಸವನ್ನು ನಾನು ಪೂರ್ಣ ಮನಸ್ಸಿನಿಂದ ಮೆಚ್ಚುತ್ತೇನೆ. ಉಡುಪಿ ನಗರಕ್ಕೆ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ನೀರು ಬರುತ್ತದೆ. ಮಳೆ ತಡವಾದ ವರ್ಷಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ನಳ್ಳಿಗೆ ಸರದಿಯ ಮೇಲೆ ನೀರು ಬಿಡುವ ಪರಿಸ್ಥಿತಿ ಬಂದದ್ದನ್ನು ಇಲ್ಲಿಯವರು ಕಂಡಿದ್ದಾರೆ. ಆದ್ದರಿಂದ ಈ ಊರಿನಲ್ಲಿ ಮನೆ ನೋಡಲು ಬರುವವರು ಅಡುಗೆಮನೆಗಿಂತ ಮೊದಲು ಬಾವಿಕಟ್ಟೆಗೆ ಹೋಗಿ ಬಗ್ಗಿ ನೋಡುತ್ತಾರೆ. ಸಂಸ್ಥೆಯವರು ಬಾವಿಯ ನೀರು ಎತ್ತಿಸಿ, ಕೆಸರು ಮತ್ತು ಕೊಳೆತ ಎಲೆ ತೆಗೆಸಿ, ಕಲ್ಲಿನ ಸಂದಿನಲ್ಲಿ ಬೆಳೆದಿದ್ದ ಗಿಡಗಳನ್ನು ಬೇರು ಸಮೇತ ಕಿತ್ತು, ಹೊಸ ಬಲೆ ಹಾಕಿಸಿದರು. ನೀರು ತುಂಬಿದ ಮೇಲೆ ಲೆಕ್ಕ ಹಾಕಿ ಬ್ಲೀಚಿಂಗ್ ಪೌಡರ್ ಹಾಕಿದ ರೀತಿ ನನಗೆ ಇಷ್ಟವಾಯಿತು. ಸಾಮಾನ್ಯವಾಗಿ ಜನ ಅಂದಾಜಿನಲ್ಲಿ ಮುಷ್ಟಿ ತುಂಬ ಸುರಿಯುತ್ತಾರೆ. ಒಳ್ಳೆಯ ಗುಣಮಟ್ಟದ ಪುಡಿಯಾದರೆ 1,000 ಲೀಟರಿಗೆ ಸುಮಾರು 2.5 ಗ್ರಾಂ ಸಾಕು. ನಮ್ಮ ಬಾವಿಯ ಅಗಲ 2.4 ಮೀಟರ್, ಅಂದಿನ ನೀರಿನ ಆಳ 3 ಮೀಟರ್, ಅಂದರೆ ಸುಮಾರು 13,500 ಲೀಟರ್ ನೀರು, ಅದಕ್ಕೆ 34 ಗ್ರಾಂ. ಬಳಿಕ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ವರದಿಯನ್ನೂ ಕಡತದಲ್ಲಿ ಸೇರಿಸಿದರು. ಮೇ ತಿಂಗಳಲ್ಲಿ ನೀರು ಎಷ್ಟಿರುತ್ತದೆ ಎಂಬ ಪ್ರಶ್ನೆಗೆ ಮಾತ್ರ ಡಿಸೆಂಬರ್‌ನಲ್ಲಿ ಕೆಲಸ ಮಾಡಿದ ಯಾವ ಸಂಸ್ಥೆಯೂ ಉತ್ತರ ಕೊಡಲಾರದು. ಅದಕ್ಕೆ ಪಕ್ಕದ ಮನೆಯ ಹಿರಿಯರೇ ಸಾಕ್ಷಿಯಾದರು.

ಒಳಗಿನ ಅಲಂಕಾರದ ಭಾಗ ನನಗೆ ಹಿಡಿಸಲಿಲ್ಲ. ಎರಡು ತಿಂಗಳ ಬಾಡಿಗೆಗೆ ತಂದ ಬೂದು ಬಣ್ಣದ ಸೋಫಾ, ಗಾಜಿನ ಟೀಪಾಯಿ, ಗೋಡೆಗೆ ಒರಗಿಸಿದ ದೊಡ್ಡ ಚಿತ್ರಗಳು, ಪ್ಲಾಸ್ಟಿಕ್ ಹೂವಿನ ಕುಂಡಗಳು ಆ ಚಾವಡಿಯಲ್ಲಿ ಬಸ್ಸಿನಿಂದ ತಪ್ಪಿ ಇಳಿದವರಂತೆ ಕಾಣುತ್ತಿದ್ದವು. ಮೂರು ವಾರಕ್ಕೇ ಅವುಗಳನ್ನು ವಾಪಸು ಕಳುಹಿಸಿ, ಹಲಸಿನ ಮರದ ನಮ್ಮ ಹಳೆಯ ಬೆಂಚನ್ನೂ ತಂದೆಯ ಆರಾಮಕುರ್ಚಿಯನ್ನೂ ತೊಳೆದು ಒಣಗಿಸಿ ಅಲ್ಲೇ ಇಟ್ಟೆವು. ಆದರೆ ಉಳಿದ ಐದು ವಾರಗಳ ಬಾಡಿಗೆಯನ್ನು ಅವರು ಹಿಂದಿರುಗಿಸಲಿಲ್ಲ. ಒಪ್ಪಂದದಲ್ಲಿ ಹಾಗೆ ಬರೆದಿದೆ ಎಂದರು. ಬರೆದಿತ್ತು, ನಾನು ಓದಿರಲಿಲ್ಲ. ಓದುಗರು ಸಹಿ ಹಾಕುವ ಮುನ್ನ ಆ ಒಂದು ಸಾಲನ್ನು ಹುಡುಕಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ದೇವರ ಕೋಣೆಯ ಬಗ್ಗೆ ಅವರು ಕೊಟ್ಟ ಸೂಚನೆಯೂ ಊರಿಗೆ ಹೊಂದುವಂಥದ್ದಾಗಿರಲಿಲ್ಲ. ಮನೆಯವರ ಫೋಟೊ, ದೇವರ ಪಟ, ಪೂಜೆಯ ಸಾಮಾನು ಯಾವುದೂ ಇರಬಾರದು, ಆ ಕೋಣೆಯನ್ನು ಸ್ಟೋರ್ ಎಂದು ತೋರಿಸೋಣ ಎಂಬುದು ಅವರ ನಿಯಮ. ಮನೆಯವರ ಫೋಟೊಗಳನ್ನು ತೆಗೆದದ್ದು ಸರಿ, ಬಂದವರು ಅಲ್ಲಿ ತಮ್ಮ ಸಂಸಾರವನ್ನು ಕಲ್ಪಿಸಿಕೊಳ್ಳಬೇಕು. ಮೂರ್ತಿಗಳನ್ನೂ ಸಾಲಿಗ್ರಾಮವನ್ನೂ ನಾವು ಮೊದಲೇ ಭಟ್ಟರನ್ನು ಕರೆಸಿ ವಿಧಿಪೂರ್ವಕವಾಗಿ ತಮ್ಮನ ಮನೆಗೆ ಕಳುಹಿಸಿದ್ದೆವು. ಆದರೆ ಉಡುಪಿಯಲ್ಲಿ ದೇವರ ಕೋಣೆ ಎಲ್ಲಿದೆ, ಯಾವ ದಿಕ್ಕಿಗಿದೆ ಎಂದು ಕೇಳದೆ ಮನೆ ನೋಡಿ ಹೋಗುವವರು ವಿರಳ. ಆ ಕೋಣೆಯನ್ನು ಸುಣ್ಣ ಬಳಿದು ಖಾಲಿಯಾಗಿ, ದೇವರ ಕೋಣೆಯಾಗಿಯೇ ಉಳಿಸಿಕೊಂಡದ್ದು ಒಳ್ಳೆಯದಾಯಿತು. ಅದೇ ರೀತಿ ಜಾಗದಲ್ಲಿ ನಾಗನ ಕಲ್ಲು ಇದೆಯೇ, ದೈವದ ಸ್ಥಾನ ಇದೆಯೇ, ಇದ್ದರೆ ಪೂಜೆ ಯಾರ ಹೊಣೆ ಎಂಬ ಪ್ರಶ್ನೆಗಳನ್ನು ಆರರಲ್ಲಿ ಐದು ಕುಟುಂಬಗಳು ಕೇಳಿದವು. ನಮ್ಮ ಜಾಗದಲ್ಲಿ ಅವು ಇಲ್ಲ. ಮನೆ ತೋರಿಸಲು ಸಂಸ್ಥೆ ಕಳುಹಿಸಿದ್ದ ಹುಡುಗನಿಗೆ ಮಾತ್ರ ಈ ಪ್ರಶ್ನೆಯ ತೂಕವೇ ಗೊತ್ತಿರಲಿಲ್ಲ. "ಕೇಳಿ ಹೇಳ್ತೇನೆ" ಎಂದು ಉತ್ತರಿಸಿ ಬಂದವರಲ್ಲಿ ಇಲ್ಲದ ಅನುಮಾನ ಹುಟ್ಟಿಸಿದ್ದ. ಎರಡನೆಯ ಕುಟುಂಬದಿಂದ ಮುಂದೆ ನಾನೇ ಹೋಗಿ ನಿಂತೆ.

ಫೋಟೊಗಳಿಗಾಗಿ ಬಂದವರು ನುರಿತವರು. ಸಂಜೆಯ ಬೆಳಕಿನಲ್ಲಿ ತೆಗೆದ ಜಗಲಿಯ ಚಿತ್ರವನ್ನು ನೋಡಿ ಮಸ್ಕತ್ತಿನಿಂದಲೂ ಒಬ್ಬರು ಕರೆ ಮಾಡಿದರು. ಆದರೆ ಅಗಲದ ಲೆನ್ಸಿನಲ್ಲಿ ತೆಗೆದ ಚಾವಡಿಯ ಚಿತ್ರದಲ್ಲಿ ಹನ್ನೆರಡು ಅಡಿಯ ಅಗಲ ಮದುವೆಯ ಸಭಾಂಗಣದಂತೆ ಕಾಣುತ್ತಿತ್ತು, ಮತ್ತು ಗೇಟಿನೆದುರಿನ ವಿದ್ಯುತ್ ಕಂಬವನ್ನು ಕಂಪ್ಯೂಟರಿನಲ್ಲಿ ಅಳಿಸಿಬಿಟ್ಟಿದ್ದರು. ಮಸ್ಕತ್ತಿನವರ ಪರವಾಗಿ ನೋಡಲು ಬಂದ ಅವರ ಅಕ್ಕ ಗೇಟಿನಲ್ಲೇ ನಿಂತು, "ಫೋಟೊದಲ್ಲಿ ಈ ಕಂಬ ಇರ್ಲಿಲ್ಲ ಅಲ್ವಾ?" ಎಂದು ಕೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ. ಅಂದೇ ರಾತ್ರಿ ಆ ಎರಡೂ ಚಿತ್ರಗಳನ್ನು ತೆಗೆಸಿ, ಪ್ರತಿಯೊಂದು ಕೋಣೆಯ ಅಳತೆ ಬರೆದ ಸರಳ ನಕ್ಷೆಯೊಂದನ್ನು ಸೇರಿಸಲು ಹೇಳಿದೆ. ನಕ್ಷೆಯನ್ನು ಅವರು ಹೆಚ್ಚುವರಿ ಹಣ ಕೇಳದೆ, ಎರಡೇ ದಿನದಲ್ಲಿ ಅಚ್ಚುಕಟ್ಟಾಗಿ ಮಾಡಿಕೊಟ್ಟರು.

ಅವರ ಸೇವೆಯಲ್ಲಿ ಇಲ್ಲವೇ ಇಲ್ಲದ, ಆದರೆ ಇರಲೇಬೇಕಾಗಿದ್ದ ಸಂಗತಿ ದಾಖಲೆಗಳದ್ದು. ಗೋಡೆಯ ಬಣ್ಣ ಎಷ್ಟೇ ಚೆನ್ನಾಗಿರಲಿ, ಇಲ್ಲಿ ಗಂಭೀರವಾಗಿ ಕೊಳ್ಳುವವರು ಮೊದಲು ಕೇಳುವುದು ಜಾಗ ಮೂಲಿಯೋ (ಪೂರ್ಣ ಸ್ವಂತ ಹಕ್ಕಿನದೋ) ಮೂಲಗೇಣಿಯೋ (ಕಾಯಂ ಗೇಣಿಯದೋ) ಎಂಬುದನ್ನು. ನಂತರ ನಗರಸಭೆಯ ಇ-ಖಾತೆ, ಆರ್‌ಟಿಸಿ, ಭೂಪರಿವರ್ತನೆಯ ಆದೇಶ, ಕನಿಷ್ಠ ಮೂವತ್ತು ವರ್ಷಗಳ ಋಣಭಾರ ಪತ್ರ. ನಮ್ಮಲ್ಲಿ ಎರಡು ತೊಡಕುಗಳಿದ್ದವು. 1994ರ ತಾರಸಿ ಕೋಣೆಗಳು ಖಾತೆಯಲ್ಲಿ ಸೇರಿರಲಿಲ್ಲ, ಮತ್ತು ತಂದೆಯ ಹೆಸರಿನಲ್ಲಿದ್ದ ಖಾತೆ ನಮ್ಮ ಹೆಸರಿಗೆ ಬದಲಾಗಿರಲಿಲ್ಲ. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ, ಆದ್ದರಿಂದ ಮೂಲಪತ್ರದಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಎಂದೇ ಇದೆ. ಇದು ದೋಷವಲ್ಲವಾದರೂ ಹೊರಊರಿನ ಒಬ್ಬರಿಗೆ ವಿವರಿಸಬೇಕಾಯಿತು. ಇವೆಲ್ಲವನ್ನೂ ನಮ್ಮ ವಕೀಲರ ಮೂಲಕ ಸರಿಪಡಿಸಲು ಅಕ್ಟೋಬರ್‌ನಿಂದ ಜನವರಿಯ ತನಕ ಸಮಯ ಹಿಡಿಯಿತು. ಮಾಡಿನ ಕೆಲಸ ನಡೆಯುವಾಗಲೇ ಇದನ್ನೂ ಆರಂಭಿಸಿದ್ದರಿಂದ ಬಚಾವಾದೆವು. ಮನೆಯನ್ನು ಮಾರಾಟಕ್ಕೆ ಅಣಿಗೊಳಿಸುತ್ತೇವೆ ಎನ್ನುವವರು ಮೊದಲ ಭೇಟಿಯ ಪಟ್ಟಿಯಲ್ಲಿ ಗೇಟಿನ ಕೀಲಿನ ಜೊತೆಗೆ ಖಾತೆಯ ಪ್ರಶ್ನೆಯನ್ನೂ ಸೇರಿಸಬೇಕು. ಕೊಳ್ಳುವವರ ಕೈಯಲ್ಲಿ ಈಗ ಹಣದ ಬಿಗಿಯೂ ಹೆಚ್ಚು. ನೋಂದಣಿ ಶುಲ್ಕವೇ 2025ರ ಆಗಸ್ಟ್ ಕೊನೆಯಿಂದ ಶೇಕಡಾ 1ರಿಂದ 2ಕ್ಕೆ ಏರಿದೆ. ಅಂಥವರು ಅರೆಬರೆ ದಾಖಲೆಯ ಮನೆಗಾಗಿ ಕಾಯುವುದಿಲ್ಲ.

ಖರ್ಚಿನ ವಿಷಯ. ಒಟ್ಟು 2,84,000 ರೂಪಾಯಿ ಆಯಿತು. ಇದರಲ್ಲಿ ಗೋಡೆ ಮತ್ತು ಬಣ್ಣಕ್ಕೆ, ದಂಬೆಯೂ ಸೇರಿ, 1,12,000, ಮಾಡಿಗೆ 58,000, ಕೆಂಪು ನೆಲಕ್ಕೆ 21,000. ಬಾವಿಗೆ 9,500 ಮಾತ್ರ. ಅಂಗಳ ಮತ್ತು ತೋಟಕ್ಕೆ 14,000, ಫೋಟೊಗಳಿಗೆ 8,500, ಸಂಸ್ಥೆಯ ಮೇಲ್ವಿಚಾರಣೆಗೆ 29,000. ಉಳಿದ 32,000 ರೂಪಾಯಿ ಆ ಸೋಫಾ ಮತ್ತು ಟೀಪಾಯಿಯ ಬಾಡಿಗೆಗೆ ಹೋಯಿತು, ಅದನ್ನು ನಾನು ನಷ್ಟವೆಂದೇ ಬರೆದುಕೊಂಡಿದ್ದೇನೆ. ಮೇಲ್ವಿಚಾರಣೆಯ ಹಣ ನ್ಯಾಯವಾದದ್ದು. ಬೇರೆ ಬೇರೆ ಕೆಲಸದವರನ್ನು ನಾನೇ ಹುಡುಕಿ ಕರೆತಂದು, ಪ್ರತಿದಿನ ನಿಂತು ಮಾಡಿಸುವುದು ಉದ್ಯೋಗದಲ್ಲಿರುವ ನನಗೆ ಸಾಧ್ಯವಿರಲಿಲ್ಲ. ಹಂಚಿನ ಕೆಲಸದ ಹಿರಿಯರಂಥವರನ್ನು ಹುಡುಕುವುದಂತೂ ಈಗ ಬಹಳ ಕಷ್ಟ.

ಜನವರಿ 18ರ ಪರ್ಯಾಯದ (ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವದ) ಗಡಿಬಿಡಿ ಮುಗಿದು ರಸ್ತೆಗಳು ಸಡಿಲವಾದ ಮೇಲೆ ಮನೆ ತೋರಿಸಲು ಆರಂಭಿಸಿದೆವು. ಫೆಬ್ರವರಿ ಕೊನೆಗೆ ಆರನೆಯ ಕುಟುಂಬ ಮುಂಗಡ ಕೊಟ್ಟು ಕರಾರುಪತ್ರ ಮಾಡಿಕೊಂಡಿತು. ಬ್ರೋಕರ್ ಹೇಳಿದ್ದ ಜಾಗದ ಬೆಲೆಯ ಮೇಲೆ, ಮನೆಗೆಂದೇ 11 ಲಕ್ಷ ರೂಪಾಯಿಯನ್ನು ಅವರು ಲೆಕ್ಕ ಹಾಕಿ ಕೊಟ್ಟರು. ಮಣಿಪಾಲದಲ್ಲಿ ಕೆಲಸ ಮಾಡುವ ದಂಪತಿ. ಕೆಡವುವ ಯೋಚನೆ ಅವರಿಗಿಲ್ಲ. ಬಚ್ಚಲುಮನೆಯ ತಾಮ್ರದ ಹಂಡೆಯನ್ನು ಬಿಟ್ಟುಹೋಗಬಹುದೇ ಎಂದು ಕೇಳಿದರು. ಅಮ್ಮನಿಗೆ ಫೋನು ಮಾಡಿ ಕೇಳಿದೆ, ಅವರು ತಕ್ಷಣ ಒಪ್ಪಿದರು.

ಹಾಗಾದರೆ ಈ ಸೇವೆಯನ್ನು ಇತರರಿಗೆ ಹೇಳುತ್ತೇನೆಯೇ? ಮಂಗಳೂರಿನ ಕದ್ರಿ, ಬಿಜೈ ಕಡೆ ಫ್ಲ್ಯಾಟ್ ಮಾರುವವರಿಗೆ, ಅವರ ಅಲಂಕಾರದ ರೀತಿ ಹೊಂದಿಕೊಳ್ಳಬಹುದು. ನನಗೆ ಅದರ ಅನುಭವವಿಲ್ಲದ್ದರಿಂದ ಹೆಚ್ಚು ಹೇಳಲಾರೆ. ಹಂಚಿನ ಮನೆ ಇರುವವರಿಗೆ ಎರಡು ಷರತ್ತಿನ ಮೇಲೆ ಹೇಳುತ್ತೇನೆ. ಒಂದು, ಪೀಠೋಪಕರಣದ ಬಾಡಿಗೆಯನ್ನು ಒಪ್ಪಂದದಿಂದ ತೆಗೆಸಿ. ಇನ್ನೊಂದು, ಮೊದಲ ತಪಾಸಣೆಗೆ ಅವರನ್ನು ಸೆಪ್ಟೆಂಬರ್‌ನಲ್ಲಿ ಅಲ್ಲ, ಜುಲೈಯಲ್ಲಿ, ಮಳೆ ಬಿಡದೆ ಸುರಿಯುವ ವಾರದಲ್ಲಿ ಕರೆಸಿ. ತುಳುವರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಹೊಸ ಕೆಲಸಕ್ಕೆ ಕೈಹಾಕಲು ನಮ್ಮವರು ಹಿಂಜರಿಯುತ್ತಾರೆ, ಅದು ಸರಿ, ಕೆಲಸ ದೀಪಾವಳಿಯ ನಂತರವೇ ನಡೆಯಲಿ. ಆದರೆ ಎಲ್ಲಿ ಸೋರುತ್ತದೆ, ಯಾವ ಗೋಡೆ ತೇವ ಹೀರುತ್ತದೆ, ಅಂಗಳದ ನೀರು ಯಾವ ಕಡೆ ಹರಿಯುತ್ತದೆ ಎಂಬುದನ್ನು ಮನೆ ತಾನಾಗಿ ತೋರಿಸುವುದು ಆ ದಿನಗಳಲ್ಲಿ ಮಾತ್ರ. ನಾವು ಆಗಲೇ ಕರೆಸಿದ್ದರೆ ಪಡುಬದಿಯ ಗೋಡೆಗೆ ಒಣಗಲು ಇನ್ನೂ ಒಂದು ತಿಂಗಳು ಸಿಗುತ್ತಿತ್ತು, ಮತ್ತು ವಾಲ್‌ಪೇಪರಿನ ಮಾತು ಬಹುಶಃ ಬರುತ್ತಲೇ ಇರಲಿಲ್ಲ.